ಮೂರು ಹೊಸ ಅಪರಾಧ ಕಾನೂನುಗಳು ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರವಾದವೇ?

ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳನ್ನು 2023ರ ಡಿಸೆಂಬರಿನಲ್ಲಿ ಸಂಸತ್ತು ಚರ್ಚೆಯಿಲ್ಲದೆ ಅಂಗೀಕರಿಸಿತು ಎಂಬುದು ನಿಜವೇ, ನಿಜವಾದರೆ ಅದರಿಂದ ಆದ ನಷ್ಟವೇನು ಎಂದು ತಾವು ಕೇಳಿದ್ದೀರಿ. ಚರ್ಚೆಯೇ ನಡೆಯಲಿಲ್ಲ ಎನ್ನುವುದು ಸರಿಯಲ್ಲ. ನಷ್ಟವೇನು ಎಂಬುದಕ್ಕೆ ಉತ್ತರ ಬೇಕಾದರೆ ಭಾಷಣಗಳಿಗಿಂತ ಕಲಂಗಳನ್ನು ಓದಬೇಕು. ಆಗಸ್ಟಿನ ಮಸೂದೆ, ಸ್ಥಾಯಿ ಸಮಿತಿಯ ವರದಿ ಮತ್ತು ಅಂಗೀಕಾರವಾದ ಪಠ್ಯ, ಈ ಮೂರನ್ನೂ ಹೋಲಿಸಿ ಓದಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೃಹ ಸಚಿವ ಅಮಿತ್ ಶಾ ಅವರು ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದ್ದು 2023ರ ಆಗಸ್ಟ್ 11ರಂದು, ಮುಂಗಾರು ಅಧಿವೇಶನದ ಕೊನೆಯ ದಿನ. ಅವು ಬ್ರಿಜ್ ಲಾಲ್ ಅಧ್ಯಕ್ಷತೆಯ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ, ಅಂದರೆ ಮಸೂದೆಗಳನ್ನು ವಿವರವಾಗಿ ಪರಿಶೀಲಿಸುವ ಸಂಸದರ ಸಮಿತಿಗೆ, ಹೋದವು. ಸಮಿತಿ ನವೆಂಬರಿನಲ್ಲಿ ವರದಿ ಕೊಟ್ಟಿತು. ಡಿಸೆಂಬರ್ 12ರಂದು ಸರ್ಕಾರ ಹಳೆಯ ಮಸೂದೆಗಳನ್ನು ಹಿಂಪಡೆದು ಪರಿಷ್ಕೃತ ಮಸೂದೆಗಳನ್ನು ತಂದಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ ಅವುಗಳನ್ನು ಧ್ವನಿಮತದಿಂದ ಅಂಗೀಕರಿಸಿದವು. 25ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 1860ರ ದಂಡ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ ಮತ್ತು 1973ರ ದಂಡ ಪ್ರಕ್ರಿಯಾ ಸಂಹಿತೆಗಳ ಬದಲಿಗೆ ಬಂದ ಶಾಸನಗಳು ಪರಿಷ್ಕೃತ ರೂಪದಲ್ಲಿ ಸದನದ ಮುಂದೆ ಇದ್ದದ್ದು ಹತ್ತು ದಿನಗಳೂ ಅಲ್ಲ.

ಎರಡೂ ಸದನಗಳಲ್ಲಿ ಮಾತು ನಡೆಯಿತು, ಸಚಿವರು ದೀರ್ಘವಾಗಿಯೇ ಉತ್ತರ ಕೊಟ್ಟರು. ಆದರೆ ಡಿಸೆಂಬರ್ 13ರಂದು ಸಂಸತ್ ಭವನದಲ್ಲಿ ಆದ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆಗಾಗಿ ಪಟ್ಟು ಹಿಡಿದ ಪ್ರತಿಪಕ್ಷಗಳ ಸದಸ್ಯರನ್ನು ಸಾಲುಸಾಲಾಗಿ ಅಮಾನತು ಮಾಡಲಾಗಿತ್ತು. ಆ ಅಧಿವೇಶನದಲ್ಲಿ ಎರಡೂ ಸದನ ಸೇರಿ ಅಮಾನತಾದವರ ಸಂಖ್ಯೆ 146. ಲೋಕಸಭೆಯಲ್ಲಿ ವಿರೋಧಿಸಿ ಮಾತನಾಡಲು ಉಳಿದಿದ್ದವರು ಅಸಾದುದ್ದೀನ್ ಓವೈಸಿ, ಹರ್‌ಸಿಮ್ರತ್ ಕೌರ್ ಬಾದಲ್ ಅವರಂಥ ಕೆಲವೇ ಮಂದಿ. ಗದ್ದಲ ಮಾಡಿದವರದೂ ತಪ್ಪು ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಪ್ರಜೆಯ ಬಂಧನ ಮತ್ತು ಶಿಕ್ಷೆಗೆ ಸಂಬಂಧಿಸಿದ ಮೂಲ ಶಾಸನಗಳನ್ನು ಆ ಸ್ಥಿತಿಯಲ್ಲೇ ಮತಕ್ಕೆ ಹಾಕಬೇಕಾದ ತುರ್ತು ಏನಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಕಾನೂನುಗಳು ಜಾರಿಗೆ ಬಂದದ್ದಂತೂ 2024ರ ಜುಲೈ 1ರಂದು.

ಎದುರು ಪ್ರಶ್ನೆ ಬಂದಾಗ ಕಾನೂನು ಸುಧಾರಿಸುತ್ತದೆ ಎಂಬುದಕ್ಕೆ ಸಮಿತಿಯ ಹಂತದಲ್ಲೇ ಪುರಾವೆ ಇದೆ. ಜಾತಿ, ಸಮುದಾಯ, ಭಾಷೆ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಗೆ ಆಗಸ್ಟಿನ ಮಸೂದೆಯಲ್ಲಿ ಮರಣದಂಡನೆ, ಜೀವಾವಧಿಗಳ ಜೊತೆಗೆ ಕನಿಷ್ಠ ಏಳು ವರ್ಷದ ಸೆರೆವಾಸದ ಆಯ್ಕೆಯೂ ಇತ್ತು. ಅಂದರೆ ಒಬ್ಬನೇ ಮಾಡಿದ ಕೊಲೆಗೆ ಜೀವಾವಧಿಗಿಂತ ಕಡಿಮೆ ಶಿಕ್ಷೆ ಇಲ್ಲದಿರುವಾಗ, ಗುಂಪುಗೂಡಿ ಕೊಂದವರು ಏಳು ವರ್ಷಕ್ಕೆ ಹೊರಬರಬಹುದಿತ್ತು! ಸಮಿತಿ ಆಕ್ಷೇಪಿಸಿತು, ಡಿಸೆಂಬರಿನ ಮಸೂದೆಯಲ್ಲಿ ಆ ಆಯ್ಕೆ ಹೋಯಿತು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ವಿಧಿಸಬಹುದಾದ ಏಳು ವರ್ಷದ ಗರಿಷ್ಠ ಶಿಕ್ಷೆಯೂ ಸಮಿತಿಯ ಸಲಹೆಯಂತೆ ಐದಕ್ಕೆ ಇಳಿಯಿತು. ಮುಂದೆ ವೈದ್ಯರ ಸಂಘಟನೆಯ ಮನವಿಯ ಮೇರೆಗೆ, ಲೋಕಸಭೆಯಲ್ಲಿ ಸಚಿವರೇ ತಂದ ತಿದ್ದುಪಡಿಯ ಮೂಲಕ ನೋಂದಾಯಿತ ವೈದ್ಯರಿಗೆ ಅದು ಎರಡು ವರ್ಷವಾಯಿತು. ತಮ್ಮ ಅಹವಾಲನ್ನು ಸಕಾಲದಲ್ಲಿ ಸಚಿವಾಲಯದ ಬಾಗಿಲಿಗೆ ಮುಟ್ಟಿಸಬಲ್ಲವರಿಗೆ ಈ ದಾರಿ ತೆರೆದಿತ್ತು.

ಲಾರಿ ಚಾಲಕರಿಗೆ ಅದು ತೆರೆದಿರಲಿಲ್ಲ. ಅಪಘಾತದಲ್ಲಿ ಸಾವು ಸಂಭವಿಸಿ, ಚಾಲಕ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ ನ್ಯಾಯ ಸಂಹಿತೆಯ 106(2)ನೇ ಕಲಂ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ 20(3)ನೇ ವಿಧಿಗೆ ಇದು ವಿರುದ್ಧವಾಗಬಹುದೆಂದೂ, ಇದನ್ನು ಉಳಿಸಿಕೊಳ್ಳಬೇಕೇ ಎಂಬುದನ್ನು ವಿಚಾರ ಮಾಡಬೇಕೆಂದೂ ಸಮಿತಿಯೇ ಹೇಳಿತ್ತು. ಗುಂಪಿನ ಉದ್ರೇಕಕ್ಕೆ ಹೆದರಿ ಓಡುವ ಚಾಲಕ ಹತ್ತಿರದ ಠಾಣೆಗೆ ಹೋಗಿ ತಿಳಿಸಿದರೆ ಸಾಕೇ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬ ಸರಳ ಪ್ರಶ್ನೆಗಳಿಗೂ ಕಲಮಿನಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ಸದನ ಅದನ್ನು ಹಾಗೆಯೇ ಅಂಗೀಕರಿಸಿತು. 2024ರ ಜನವರಿಯ ಮೊದಲ ದಿನಗಳಲ್ಲಿ ಹಲವು ರಾಜ್ಯಗಳಲ್ಲಿ ಚಾಲಕರು ಲಾರಿ ನಿಲ್ಲಿಸಿದರು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಸಾರಿಗೆ ಸಂಘಟನೆಯೊಡನೆ ಸಮಾಲೋಚಿಸಿದ ನಂತರವೇ ಈ ಕಲಂ ಜಾರಿ ಮಾಡುವುದಾಗಿ ಸರ್ಕಾರ ಭರವಸೆ ಕೊಟ್ಟಿತು. ಜುಲೈ 1ರಂದು ಸಂಹಿತೆಯ ಉಳಿದ ಭಾಗ ಜಾರಿಗೆ ಬಂದಾಗ ಈ ಉಪಕಲಂ ಹೊರಗೇ ಉಳಿಯಿತು. ಸಂಸತ್ತು ಕೇಳಬೇಕಿದ್ದ ಪ್ರಶ್ನೆಯನ್ನು ಹೆದ್ದಾರಿ ಕೇಳಿತು. ತಾವು ಕೇಳಿದ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ.

ಇನ್ನೊಂದು ಕಲಮಿನ ವಿಷಯದಲ್ಲಿ ಬೀದಿಯಲ್ಲೂ ಸದ್ದಾಗಲಿಲ್ಲ, ಏಕೆಂದರೆ ಅದರಿಂದ ತೊಂದರೆಗೊಳಗಾಗುವವರಿಗೆ ಸಂಘಟನೆಯೇ ಇಲ್ಲ. ಹಳೆಯ ಪ್ರಕ್ರಿಯಾ ಸಂಹಿತೆಯ 167ನೇ ಕಲಮಿನಡಿ, ಸುಪ್ರೀಂ ಕೋರ್ಟ್ 1992ರ ಅನುಪಮ್ ಕುಲಕರ್ಣಿ ಪ್ರಕರಣದಲ್ಲಿ ಹೇಳಿದಂತೆ, ಪೊಲೀಸ್ ಕಸ್ಟಡಿ ಏನಿದ್ದರೂ ಮೊದಲ ಹದಿನೈದು ದಿನಗಳೊಳಗೆ ಮುಗಿಯಬೇಕಿತ್ತು. ಆಮೇಲೆ ನ್ಯಾಯಾಂಗ ಬಂಧನ, ಅಂದರೆ ಜೈಲುವಾಸ, ಮಾತ್ರ. ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ ಅದೇ ಹದಿನೈದು ದಿನಗಳನ್ನು, ಅಪರಾಧದ ಸ್ವರೂಪಕ್ಕೆ ತಕ್ಕಂತೆ, ಮೊದಲ ನಲವತ್ತು ಅಥವಾ ಅರವತ್ತು ದಿನಗಳಲ್ಲಿ ಯಾವಾಗ ಬೇಕಾದರೂ, ಬಿಡಿಬಿಡಿಯಾಗಿಯೂ ಕೇಳಬಹುದು. ಒಟ್ಟು ದಿನಗಳು ಹೆಚ್ಚಿಲ್ಲ ಎನ್ನುವುದು ಸರ್ಕಾರದ ಉತ್ತರ, ಲೆಕ್ಕದ ಮಟ್ಟಿಗೆ ಅದು ಸರಿ. ಆದರೆ ಕಸ್ಟಡಿ ಇನ್ನೂ ಬಾಕಿ ಇದೆ ಎಂಬ ಕಾರಣ ಮುಂದೊಡ್ಡಿ ಜಾಮೀನನ್ನು ವಾರಗಟ್ಟಲೆ ವಿರೋಧಿಸಲು ಇದು ಅವಕಾಶ ಕೊಡುತ್ತದೆ ಎಂಬ ಆತಂಕ ಲೆಕ್ಕದಿಂದ ನಿವಾರಣೆಯಾಗುವುದಿಲ್ಲ. ಸಮಿತಿಯೂ ಇಲ್ಲಿ ಹೆಚ್ಚಿನ ಸ್ಪಷ್ಟತೆ ಬೇಕೆಂದಿತ್ತು. ಪ್ರತಿಪಕ್ಷದ ಬೆಂಚುಗಳು ತುಂಬಿದ್ದ ಸದನದಲ್ಲಿ ಈ ಒಂದು ಕಲಮಿಗೇ ಅರ್ಧ ದಿನ ಹಿಡಿಯಬೇಕಿತ್ತು ಎಂದು ನನ್ನ ಭಾವನೆ.

‘ಪ್ರಕೃತಿಗೆ ವಿರುದ್ಧವಾದ’ ಲೈಂಗಿಕ ಕೃತ್ಯಗಳನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಂ ಪೂರ್ತಿಯಾಗಿ ಕೈಬಿಟ್ಟದ್ದನ್ನೂ ಇದೇ ಸಾಲಿಗೆ ಸೇರಿಸಬೇಕು. ಸಮ್ಮತಿಯಿಲ್ಲದ ಕೃತ್ಯಗಳ ಮಟ್ಟಿಗೆ ಅದನ್ನು ಉಳಿಸಿ ಎಂದು ಸಮಿತಿ ಕೇಳಿತ್ತು, ಸರ್ಕಾರ ಒಪ್ಪಲಿಲ್ಲ. ಹಾಗಾಗಿ ವಯಸ್ಕ ಪುರುಷನ ಮೇಲಿನ ಅತ್ಯಾಚಾರಕ್ಕೆ ಹೊಸ ಸಂಹಿತೆಯಲ್ಲಿ ನೇರವಾದ ಕಲಂ ಇಲ್ಲ.

ಈ ಸುಧಾರಣೆಯ ಮಾತು ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ ಅಪರಾಧ ನ್ಯಾಯ ವ್ಯವಸ್ಥೆಯ ಬಗ್ಗೆ 2003ರಲ್ಲೇ ವರದಿ ಕೊಟ್ಟಿತ್ತು. ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಶೂನ್ಯ ಎಫ್‌ಐಆರ್, ಶೋಧದ ವೇಳೆ ಕಡ್ಡಾಯ ಚಿತ್ರೀಕರಣ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರ ಸ್ಥಳ ಪರಿಶೀಲನೆ ಇವೆಲ್ಲ ಒಳ್ಳೆಯ ಅಂಶಗಳೇ, ಅವುಗಳಿಗೆ ಹೆಚ್ಚು ವಿರೋಧವೂ ಇರಲಿಲ್ಲ.

ಈಗ ಉಳಿದಿರುವ ದಾರಿಗಳು ಎರಡು. ಅಪರಾಧ ಕಾನೂನು ಮತ್ತು ಅದರ ಪ್ರಕ್ರಿಯೆ ಕೇಂದ್ರ, ರಾಜ್ಯ ಎರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ ಇರುವುದರಿಂದ, ರಾಜ್ಯ ವಿಧಾನಮಂಡಲಗಳು ಸಂವಿಧಾನದ 254(2)ನೇ ವಿಧಿಯಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ತಮ್ಮ ಮಟ್ಟಿಗೆ ತಿದ್ದುಪಡಿ ತರಬಹುದು. ಇಲ್ಲವಾದರೆ ನ್ಯಾಯಾಲಯಗಳು ಪ್ರಕರಣದಿಂದ ಪ್ರಕರಣಕ್ಕೆ ಅರ್ಥ ಬಿಡಿಸುತ್ತಾ ಹೋಗಬೇಕು. ತಮಗೆ ಹೆಚ್ಚಿನ ಆಸಕ್ತಿ ಇದ್ದರೆ ಸದನದ ಭಾಷಣಗಳಿಗಿಂತ ಮೊದಲು ಸಮಿತಿಯ ವರದಿಗೆ ಲಗತ್ತಾಗಿರುವ ಭಿನ್ನಮತದ ಟಿಪ್ಪಣಿಗಳನ್ನು ಓದಿ, ಸಮಿತಿಯಲ್ಲಿದ್ದ ಪ್ರತಿಪಕ್ಷಗಳ ಪಿ. ಚಿದಂಬರಂ, ಡೆರೆಕ್ ಓಬ್ರಿಯಾನ್ ಮೊದಲಾದವರು ಸದನದಲ್ಲಿ ಎತ್ತಬಹುದಾಗಿದ್ದ ಆಕ್ಷೇಪಗಳು ಲಿಖಿತ ರೂಪದಲ್ಲಿ ಸಿಗುವುದು ಅಲ್ಲಿ.