ರಟ್ಟಿನ ಬಸ್ಸಿನ ಚಕ್ರ ತಿರುಗದಿದ್ದರೆ

ಟೂತ್‌ಪೇಸ್ಟ್ ಡಬ್ಬಿಯ ಬಸ್ ತಳ್ಳಿದರೆ ಚಕ್ರ ತಿರುಗದೆ ಜಾರುತ್ತದೆ ಎಂದಿದ್ದೀರಿ. ಚಕ್ರ ಸಿಕ್ಕಿಸುವ ಕಡ್ಡಿಯನ್ನೇ ಡಬ್ಬಿಗೆ ಅಂಟಿಸಿರುವುದು ಬಹುಶಃ ಕಾರಣ. ಅಂಟಬೇಕಾದ್ದು ಸ್ಟ್ರಾ, ಕಡ್ಡಿ ಅದರೊಳಗೆ ಸಲೀಸಾಗಿ ತಿರುಗಬೇಕು.

ಸ್ಟ್ರಾವನ್ನು ಡಬ್ಬಿಯ ಅಗಲಕ್ಕಿಂತ ಅರ್ಧ ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎರಡೂ ಬದಿ ಸಮನಾಗಿ ಹೊರಬರುವಂತೆ ತಳಕ್ಕೆ ಟೇಪ್ ಹಾಕಿ. ಫೆವಿಕಾಲ್ ಬೇಡ, ಪ್ಲಾಸ್ಟಿಕ್ ಸ್ಟ್ರಾಗೆ ಅದು ಹಿಡಿಯುವುದಿಲ್ಲ. ಎರಡು ಸ್ಟ್ರಾಗಳೂ ಸಮಾನಾಂತರವಾಗಿರಲಿ, ಓರೆಯಾದರೆ ಬಸ್ ಗೋಡೆಗೇ ಹೋಗುತ್ತದೆ. ಬಿದಿರು ಕಡ್ಡಿ ಸ್ಟ್ರಾಗಿಂತ 2 ಸೆಂ.ಮೀ. ಉದ್ದ ಇರಲಿ, ಚೂಪು ತುದಿ ಮೊದಲೇ ಕತ್ತರಿಸಿಬಿಡಿ.

ಚಕ್ರಕ್ಕೆ ಬಾಟಲಿ ಮುಚ್ಚಳ. ನಡು ಸಿಗಲು ಮುಚ್ಚಳದಳತೆಗೆ ಕಾಗದ ದುಂಡಗೆ ಕತ್ತರಿಸಿ, ಎರಡು ಸಲ ಮಡಚಿ ಬಿಚ್ಚಿ. ಗೆರೆ ಕೂಡುವಲ್ಲೇ ನಡು. ಕಡ್ಡಿಗಿಂತ ಸಣ್ಣ ಮೊಳೆಯಿಂದ ನೀವೇ ತೂತು ಮಾಡಿ, ಮಕ್ಕಳ ಕೈಗೆ ಕೊಡಬೇಡಿ. ಮುಚ್ಚಳ ಕಡ್ಡಿಗೆ ಬಿಗಿಯಾಗಿ ಕೂರಬೇಕು, ಸಡಿಲವಾದರೆ ತುದಿಗೆ ಒಂದು ಸುತ್ತು ಟೇಪ್ ಸುತ್ತಿ. ಟೈಲ್ಸ್ ನೆಲದಲ್ಲಿ ಆಮೇಲೂ ಜಾರಿದರೆ ಮುಚ್ಚಳಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ.

3 ವರ್ಷದೊಳಗಿನವರಿದ್ದರೆ ಮುಚ್ಚಳವೇ ಬೇಡ: ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ರಟ್ಟಿನ ಚಕ್ರ ಸಾಕು.

ಮಕ್ಕಳಿಗೆ ಬಣ್ಣ, ಕಿಟಕಿ, ಬೋರ್ಡು ಬಿಡಿ. ಬಳಿಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಸ್ಟಾಪು ಬರೆದು, ಒಬ್ಬರನ್ನು ಕಂಡಕ್ಟರ್ ಮಾಡಿ. "ಹೋಲ್ಡಾನ್" ಅಂದರೆ ನಿಲ್ಲಬೇಕು, "ರೈಟ್ ರೈಟ್" ಅಂದರೆ ಹೊರಡಬೇಕು. ಇಳಿಯುವವರು ಇಳಿದ ಮೇಲೇ ಹತ್ತುವುದು ಎಂಬುದನ್ನು ಇಲ್ಲೇ ಆಡಿಸಿ.