ಹಡಗಿನಲ್ಲಿ ಹಾಡಲು ಹೊರಟಿದ್ದೇನೆ, ಬ್ಯಾಂಡಿನವರಿಗೆ ಇನ್ನೂ ಹೇಳಿಲ್ಲ

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಆರು ವರ್ಷದಿಂದ ಮೂವರು ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದೇನೆ. ಮೂರು ತಿಂಗಳ ಹಿಂದೆ ಯಾರಿಗೂ ಹೇಳದೆ ಒಂದು ಕ್ರೂಸ್ ಹಡಗಿನ ಕೆಲಸಕ್ಕೆ ವಿಡಿಯೊ ಆಡಿಷನ್ ಕಳಿಸಿದ್ದೆ. ಸಿಗಲ್ಲ ಅಂದುಕೊಂಡಿದ್ದೆ, ಸಿಕ್ಕಿಬಿಟ್ಟಿತು. ಏಳು ತಿಂಗಳ ಕಾಂಟ್ರ್ಯಾಕ್ಟ್, ಲೌಂಜ್‌ನಲ್ಲಿ ಹಡಗಿನ ಬ್ಯಾಂಡ್ ಜೊತೆ ಹಾಡಬೇಕು. ಇನ್ನು ಏಳು ವಾರಕ್ಕೆ ಹೊರಡಬೇಕು. ಗೆಳೆಯರಿಗೆ ಇನ್ನೂ ಹೇಳಿಲ್ಲ. ಅವರು ಮುಂದಿನ ತಿಂಗಳುಗಳಿಗೆ ನಾಲ್ಕು ಕಾರ್ಯಕ್ರಮ ಒಪ್ಪಿಕೊಂಡಿದ್ದಾರೆ, ನಾನೂ ತಲೆಯಾಡಿಸಿದ್ದೇನೆ. ಮನೆಯಲ್ಲಿ ತೊಂದರೆ ಅಂತ ಹೇಳಿ ಒಂದು ತಿಂಗಳು ಹೋಗಿ ನೋಡೋದು, ಇಷ್ಟವಾಗದಿದ್ದರೆ ವಾಪಸ್ ಬಂದುಬಿಡೋದು, ಆಗ ಏನೂ ಹೇಳುವ ಅಗತ್ಯವೇ ಇರಲ್ಲ ಅಂತ ಒಂದು ಯೋಚನೆ. ಸಮುದ್ರದ ಭಯ ಬೇರೆ. ಬಸ್ಸಿನಲ್ಲೇ ನನಗೆ ವಾಂತಿ ಬರುತ್ತೆ. ಏಜೆಂಟ್ ಒಬ್ಬರು ಪ್ರೊಸೆಸಿಂಗ್‌ಗೆ ಅಂತ ದುಡ್ಡು ಕೇಳುತ್ತಿದ್ದಾರೆ. ಹೋಗಲಾ, ಬೇಡವಾ?

ಉತ್ತರ: ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಹೋಗು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗುವ ಆಸೆ ಇಲ್ಲದವಳು ಕದ್ದು ಆಡಿಷನ್ ಕಳಿಸಲ್ಲ. ನಾನೂ ಹಡಗಿನಲ್ಲಿ ಎರಡು ಕಾಂಟ್ರ್ಯಾಕ್ಟ್ ಕೀಬೋರ್ಡ್ ನುಡಿಸಿದವಳು. ಮೊದಲನೇ ಸಲ ಹೊರಟಾಗ ನಾನು ಮಾಡಿದ ಒಂದು ಕೆಲಸದ ಬಗ್ಗೆ ಆಮೇಲೆ ಹೇಳುತ್ತೇನೆ. ಅದು ಹೇಳಿಕೊಳ್ಳುವಂಥದ್ದೇನಲ್ಲ.

ಮೊದಲು ಈ ‘ಒಂದು ತಿಂಗಳು ನೋಡಿ ಬರ್ತೀನಿ’ ಅನ್ನೋ ಲೆಕ್ಕ. ಅದನ್ನು ಇವತ್ತೇ ತಲೆಯಿಂದ ತೆಗೆದುಹಾಕು. ಹಡಗಿನ ಮೊದಲ ತಿಂಗಳನ್ನು ಇಷ್ಟಪಟ್ಟವರನ್ನು ನಾನಂತೂ ನೋಡಿಲ್ಲ. ಕಿಟಕಿ ಇಲ್ಲದ ಕ್ಯಾಬಿನ್. ಮೇಲೊಂದು, ಕೆಳಗೊಂದು ಮಲಗುವ ಜಾಗ. ಮುಖ ಪರಿಚಯವೂ ಇಲ್ಲದ ಒಬ್ಬಳ ಜೊತೆ ವಾಸ. ಎದ್ದಾಗ ಬೆಳಗೋ ರಾತ್ರಿಯೋ ಗೊತ್ತಾಗಲ್ಲ. ಹಗಲೆಲ್ಲ ಸುರಕ್ಷತೆಯ ತರಬೇತಿ, ರಾತ್ರಿ ಶೋ. ಕೆಲಸದವರ ಓಡಾಟಕ್ಕೆ ಅಂತ ಕೆಳಗಿನ ಡೆಕ್‌ನಲ್ಲಿ ಹಡಗಿನ ಉದ್ದಕ್ಕೂ ಒಂದು ದೊಡ್ಡ ಓಣಿ ಇರುತ್ತದೆ. ಬಹಳಷ್ಟು ಹಡಗುಗಳಲ್ಲಿ ಅದಕ್ಕೆ ‘ಐ-95’ ಅಂತ ಅಡ್ಡಹೆಸರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾದು ಹೋಗುವ ಹೆದ್ದಾರಿಯ ಹೆಸರದು. ನೇರವಾಗಿರುವ ಆ ಓಣಿಯಲ್ಲೂ ನಾನು ಮೊದಲ ಹತ್ತು ದಿನ ದಾರಿ ತಪ್ಪುತ್ತಿದ್ದೆ. ಮೂರನೇ ತಿಂಗಳಿಗೆ ಅದೇ ಓಣಿಯಲ್ಲಿ ಅರೆನಿದ್ದೆಯಲ್ಲಿ ನಡೆದು ಊಟಕ್ಕೆ ಹೋಗುತ್ತಿದ್ದೆ. ಒಂದು ತಿಂಗಳಿಗೇ ತೀರ್ಮಾನ ಮಾಡಿದ್ದರೆ ಆ ಮೂರನೇ ತಿಂಗಳು ನನಗೆ ಸಿಗುತ್ತಲೇ ಇರಲಿಲ್ಲ.

ಮಧ್ಯದಲ್ಲಿ ಬಿಟ್ಟು ಬರುವುದು ನೀನು ಅಂದುಕೊಂಡಷ್ಟು ಸಲೀಸೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಕಡಲ ಕೆಲಸಗಾರರಿಗಾಗಿ ಒಂದು ಒಪ್ಪಂದ ಮಾಡಿತು. 2013ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಅವಧಿ ಮುಗಿದಾಗ ನಿನ್ನನ್ನು ಮನೆಗೆ ಕಳಿಸುವ ಖರ್ಚು ಹಡಗಿನ ಮಾಲೀಕರದ್ದು. ಕಾಯಿಲೆ ಬಿದ್ದು ವಾಪಸ್ ಬರಬೇಕಾದರೂ ಅಷ್ಟೇ. ಆದರೆ ಮನಸ್ಸು ಹಿಡಿಯಲಿಲ್ಲ ಅಂತ ನೀನಾಗಿ ಬಿಟ್ಟರೆ ವಿಮಾನದ ಟಿಕೆಟ್ ಸಾಮಾನ್ಯವಾಗಿ ನಿನ್ನ ತಲೆಗೇ. ನೋಟಿಸ್ ಕೂಡ ಕೊಡಬೇಕು, ಕನಿಷ್ಠ ಏಳು ದಿನ ಮುಂಚೆ. ನಿನ್ನ ಕಾಂಟ್ರ್ಯಾಕ್ಟ್‌ನಲ್ಲಿ ಅದು ಜಾಸ್ತಿಯೇ ಇರಬಹುದು, ಓದಿ ನೋಡು. ಜೊತೆಗೆ ಕೆಲಸ ಕೊಟ್ಟವರು ಇನ್ನೊಂದು ಸಲ ಕರೆಯುವುದು ಕಷ್ಟ. ನೀನು ಬಿಟ್ಟ ಜಾಗಕ್ಕೆ ಹಾಡುವವರನ್ನು ಮುಂದಿನ ಬಂದರಿಗೆ ಕರೆಸೋದು ಸುಲಭದ ಮಾತಲ್ಲ, ಅಲ್ವಾ?

ಏಜೆಂಟ್ ವಿಷಯ ಬೇಗ ಮುಗಿಸೋಣ. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿದೆ. ಕೆಲಸ ಕೊಡಿಸಿದ್ದಕ್ಕೆ ಅಂತ ಕಡಲ ಕೆಲಸಗಾರರ ಕೈಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಗುರುತಿನ ಪುಸ್ತಕ, ಇವುಗಳ ಖರ್ಚು ನಿನ್ನದಾಗಬಹುದು. ವೀಸಾ ಖರ್ಚು ಮಾಲೀಕರದ್ದು. ಕಲಾವಿದರ ಏಜೆಂಟರು ಸಂಬಳದಲ್ಲಿ ಕಮಿಷನ್ ಕೇಳುವುದುಂಟು, ಅದನ್ನೂ ಕಾಗದದಲ್ಲಿ ಬರೆಸಿಕೋ. ಆದರೆ ಹಡಗು ಹತ್ತುವ ಮುಂಚೆಯೇ ಪ್ರೊಸೆಸಿಂಗ್ ಅಂತ ಕೈ ಚಾಚುವವರಿಗೆ ಒಂದು ಪೈಸೆಯನ್ನೂ ಕೊಡಬೇಡ. ಹಡಗಿನ ಕಂಪನಿಯ ನೇಮಕಾತಿ ವಿಭಾಗಕ್ಕೆ ನೀನೇ ಒಂದು ಮೇಲ್ ಹಾಕು. ಈ ವ್ಯಕ್ತಿ ನಿಮ್ಮವರೇನಾ, ಈ ಶುಲ್ಕ ನಿಮಗೆ ಗೊತ್ತಾ ಅಂತ ಕೇಳು. ಆ ಮೇಲ್ ವಿಳಾಸವನ್ನು ಮಾತ್ರ ಏಜೆಂಟ್ ಕೈಯಲ್ಲಿ ಕೇಳಬೇಡ, ನೀನೇ ಹುಡುಕು.

ಇನ್ನು ಹಾಡು. ಲೌಂಜ್ ಕೆಲಸ ಅಂದರೆ 45 ನಿಮಿಷದ ಸೆಟ್‌ಗಳು, ರಾತ್ರಿಗೆ ನಾಲ್ಕು ಬಂದರೂ ಬರಬಹುದು. ಅಂದರೆ ಒಂದು ರಾತ್ರಿಗೆ ನಲವತ್ತು ಹಾಡು. ಪೂರ್ತಿ ರಜೆಯ ದಿನ ಅನ್ನೋದು ಅಪರೂಪ. ವಾರದ ಪ್ರಯಾಣವಾದರೆ ಅದೇ ಜನ ಏಳು ರಾತ್ರಿಯೂ ಬಂದು ಕೂರುತ್ತಾರೆ. ಮೂರನೇ ರಾತ್ರಿಗೇ ‘ನಿನ್ನೆ ಇದನ್ನೇ ಹಾಡಿದ್ರಲ್ಲ’ ಅಂತಾರೆ. ಹಾಗಾಗಿ ಈ ಏಳು ವಾರದಲ್ಲಿ ಹಾಡಿನ ಪಟ್ಟಿ ಉದ್ದ ಮಾಡು. ಪ್ರತಿ ಹಾಡೂ ನಿನ್ನ ಶ್ರುತಿಗೆ ಬರೆದ ನೊಟೇಷನ್ ಇರಬೇಕು. ಹಡಗಿನ ಬ್ಯಾಂಡಿನವರು ನೋಡಿದ ತಕ್ಷಣ ನುಡಿಸುವವರು. ‘ಸ್ವಲ್ಪ ಕೆಳಗೆ ಇಳಿಸಿ’ ಅಂತ ಬಾಯಲ್ಲಿ ಹೇಳುವ ಪುರುಸೊತ್ತು ಅಲ್ಲಿ ಇರಲ್ಲ. ನಿನ್ನ ಗಿಟಾರಿಸ್ಟ್ ಆರು ವರ್ಷದಿಂದ ನಿನ್ನ ಮುಖ ನೋಡಿಯೇ ತಾಳ ಹಿಡಿದಿರುತ್ತಾನೆ. ಆ ಸುಖ ಅಲ್ಲಿಲ್ಲ.

ಆದರೆ ದಿನಾ ಹಾಡುವುದರಲ್ಲಿ ಒಂದು ಲಾಭ ಇದೆ. ಮೊದಲ ನಾಲ್ಕು ತಿಂಗಳಲ್ಲಿ ಕಲಿಯುವಷ್ಟನ್ನು ಹೊರಗೆ ನಾಲ್ಕು ವರ್ಷದಲ್ಲೂ ಕಲಿಯೋದು ಕಷ್ಟ. ಯಾರೂ ಕೇಳದ ರಾತ್ರಿಯೂ ಹಾಡಬೇಕು, ಗ್ಲಾಸಿನ ಸದ್ದಿನ ನಡುವೆ ಹಾಡಬೇಕು, ಗಂಟಲು ಕೆಟ್ಟಾಗ ಕೆಟ್ಟ ಗಂಟಲಿಗೆ ತಕ್ಕ ಹಾಡು ಆರಿಸಬೇಕು. ಅದಾದ ಮೇಲೆ ಒಂದು ಅಪಾಯ ಶುರುವಾಗುತ್ತದೆ. ಬಾಯಿ ಹಾಡುತ್ತಿರುತ್ತದೆ, ತಲೆ ಬಟ್ಟೆ ಒಗೆಯುವ ಯೋಚನೆಯಲ್ಲಿರುತ್ತದೆ. ನಾನು ಒಂದು ರಾತ್ರಿ ಒಂದೇ ಹಾಡನ್ನು ಎರಡು ಸಲ ಶುರು ಮಾಡಿದ್ದೆ. ಅದು ಗೊತ್ತಾಗಿದ್ದು ಬಾರ್ ಹುಡುಗನಿಗೆ ಮಾತ್ರ.

ಗಂಟಲಿನ ಬಗ್ಗೆ ಹುಷಾರು. ಎ.ಸಿ. ಗಾಳಿ ಹಗಲೂ ರಾತ್ರಿ ಬೀಸಿ ಗಂಟಲು ಒಣಗಿಸುತ್ತದೆ. ನೀರಿನ ಬಾಟಲಿ ಜೊತೆಗೇ ಇರಲಿ. ಹಡಗಿನಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಸುತ್ತು ಹೊಡೆದು ಎಲ್ಲರಿಗೂ ಬರುತ್ತದೆ. ವಾಂತಿಭೇದಿಯ ವೈರಸ್ ಹಬ್ಬಿದರಂತೂ ಕ್ಯಾಬಿನ್‌ನಲ್ಲೇ ಕೂರಿಸುತ್ತಾರೆ. ಕೈ ತೊಳೆಯುವುದನ್ನು ತಮಾಷೆ ಅಂದುಕೊಳ್ಳಬೇಡ.

ಬಸ್ಸಿನಲ್ಲಿ ವಾಂತಿ ಬರುವವರಿಗೆಲ್ಲ ಹಡಗಿನಲ್ಲೂ ಬರಬೇಕು ಅಂತಿಲ್ಲ. ದೊಡ್ಡ ಹಡಗುಗಳಲ್ಲಿ ಅಲೆ ಹೊಡೆತ ತಗ್ಗಿಸಲು ಪಕ್ಕದಲ್ಲಿ ರೆಕ್ಕೆಯಂಥ ವ್ಯವಸ್ಥೆ ಇರುತ್ತದೆ. ಬಹುತೇಕರಿಗೆ ಕೆಲವೇ ದಿನದಲ್ಲಿ ರೂಢಿಯಾಗುತ್ತದೆ. ತಲೆ ಸುತ್ತಿದರೆ ಹಡಗಿನ ನಡುಭಾಗಕ್ಕೆ ಬಾ, ಅಲ್ಲಿ ತೂಗಾಟ ಕಡಿಮೆ. ಡೆಕ್ ಮೇಲೆ ನಿಂತು ದೂರದ ದಿಗಂತ ನೋಡು. ವಾಂತಿ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಬಾಯಿಯನ್ನೂ ಒಣಗಿಸುತ್ತವೆ. ಹಾಡುವವಳಿಗೆ ಅದು ದೊಡ್ಡ ವಿಷಯ. ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ‘ನಾನು ಹಾಡುವವಳು’ ಅಂತ ಹೇಳಿ, ಮನೆಯಲ್ಲೇ ಒಂದು ದಿನ ಮಾತ್ರೆ ತೆಗೆದುಕೊಂಡು ಹಾಡಿ ನೋಡು.

ಸಮುದ್ರದ ಭಯದ ಬಗ್ಗೆ ಒಂದು ಕತೆ ಹೇಳುತ್ತೇನೆ. ಇದು ನಡೆದದ್ದು. 1991ರ ಆಗಸ್ಟ್‌ನಲ್ಲಿ ಓಷಿಯಾನೋಸ್ ಅನ್ನುವ ಕ್ರೂಸ್ ಹಡಗು ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಕ್ಯಾಪ್ಟನ್ ಹೆಲಿಕಾಪ್ಟರ್ ಹತ್ತಿ ಹೋಗಿಬಿಟ್ಟಿದ್ದರು. ಉಳಿದವರನ್ನು ಸಾಗಿಸುವುದರಲ್ಲಿ ಮುಂದೆ ನಿಂತವರು ಹಡಗಿನ ಕಲಾವಿದರು. ಗಿಟಾರ್ ನುಡಿಸುವ ಮಾಸ್ ಹಿಲ್ಸ್ ರೇಡಿಯೊ ಹಿಡಿದು ಸಹಾಯಕ್ಕೆ ಕರೆದರು. ಹಡಗಿನಲ್ಲಿದ್ದ 571 ಜನರೂ ಬದುಕಿ ಬಂದರು. ಭಯ ಹುಟ್ಟಿಸೋಕೆ ಹೇಳುತ್ತಿಲ್ಲ. ಅಲ್ಲಿ ನೀನು ಬರೀ ಹಾಡುವವಳಲ್ಲ, ಅದು ಗೊತ್ತಿರಲಿ ಅಂತ. ಬೆಂಕಿ ಆರಿಸುವುದು, ನೀರಿನಲ್ಲಿ ಬದುಕುಳಿಯುವುದು, ಪ್ರಥಮ ಚಿಕಿತ್ಸೆ ಎಲ್ಲ ಕಲಿಸುತ್ತಾರೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಹಾರ್ನ್ ಕೇಳಿದರೆ ಅದು ತುರ್ತು ಸೂಚನೆ. ಆಗ ಮೈಕ್ ಬಿಟ್ಟು ನಿನಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ನಿಲ್ಲಬೇಕು. ಲೈಫ್ ಜಾಕೆಟ್ ಹಾಕುವುದನ್ನು ಪ್ರಯಾಣಿಕರಿಗೆ ತೋರಿಸುವುದು ಕೂಡ ನಿನ್ನ ಕೆಲಸವಾಗಬಹುದು. ನನಗೆ ವಿಚಿತ್ರವೆಂದರೆ, ಈ ತರಬೇತಿ ಮುಗಿದ ಮೇಲೆಯೇ ಸಮುದ್ರದ ಭಯ ಅರ್ಧ ಇಳಿದಿತ್ತು. ಏನು ಮಾಡಬೇಕು ಅಂತ ಕೈಗೆ ಗೊತ್ತಾಗಿತ್ತಲ್ಲ.

ಈಗ ನಿನ್ನ ಮೂವರು ಗೆಳೆಯರ ಮಾತು.

ಮನೆಯಲ್ಲಿ ತೊಂದರೆ ಅನ್ನೋ ಸುಳ್ಳು ಎರಡು ವಾರವೂ ನಿಲ್ಲಲ್ಲ. ಕ್ರೂಸ್‌ಗೆ ಬಂದವರೆಲ್ಲ ಫೋನ್ ಎತ್ತಿ ಹಿಡಿದೇ ಕೂತಿರುತ್ತಾರೆ. ನೀನು ಹಾಡುವುದನ್ನು ಯಾರೋ ಹಾಕುತ್ತಾರೆ, ಅದು ಸುತ್ತಿ ಬಂದು ನಿನ್ನ ಡ್ರಮ್ಮರ್ ಕೈಗೆ ಬೀಳುತ್ತದೆ. ಸಿಕ್ಕಿಬೀಳುವ ಪ್ರಶ್ನೆ ಬಿಡು. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ. ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸಿ ಬಂದು ಯಾರ ಜೊತೆಯಾದರೂ ಮಾತಾಡಬೇಕು ಅನ್ನಿಸುತ್ತದೆ. ನಿನ್ನ ಸಂಗೀತದ ಮಾತು ಅರ್ಥವಾಗುವ ಮೂವರು ಅವರೇ. ಅವರಿಗೇ ಫೋನ್ ಮಾಡುವಂತಿಲ್ಲ ಅಂದರೆ ಆ ಕಿಟಕಿಯಿಲ್ಲದ ಕ್ಯಾಬಿನ್ ಇನ್ನೂ ಚಿಕ್ಕದಾಗುತ್ತದೆ.

ನಾನು ಮಾಡಿದ್ದು ಇದನ್ನೇ. ನಾವೂ ನಾಲ್ಕು ಜನ ಇದ್ದೆವು. ನಾನು ವಿಮಾನ ನಿಲ್ದಾಣದಿಂದ ನಮ್ಮ ಬೇಸ್ ಗಿಟಾರ್‌ನವನಿಗೆ ಫೋನ್ ಮಾಡಿ ಹೇಳಿದೆ. ಬೇಕಂತಲೇ ಕೊನೆ ಗಳಿಗೆಯಲ್ಲಿ. ಜಗಳಕ್ಕೆ ಸಮಯ ಇರಬಾರದು ಅಂತ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ‘ಸರಿ, ಹುಷಾರಾಗಿ ಹೋಗಿ ಬಾ’ ಅಂದ. ಎಷ್ಟು ಒಳ್ಳೆಯವನು ಅಂದುಕೊಂಡು ವಿಮಾನ ಹತ್ತಿದೆ. ಎಂಟು ತಿಂಗಳಾದ ಮೇಲೆ ಬಂದಾಗ ಕೀಬೋರ್ಡ್‌ಗೆ ಬೇರೆಯವರಿದ್ದರು. ಅದು ನ್ಯಾಯವೇ. ನನಗೆ ತಿಳಿಯದೇ ಇದ್ದದ್ದು ಬೇರೆ. ನಾನು ಹೋದ ವಾರವೇ ಒಂದು ಕಾರ್ಯಕ್ರಮ ರದ್ದಾಗಿತ್ತು. ತೆಗೆದುಕೊಂಡಿದ್ದ ಮುಂಗಡವನ್ನು ಮೂವರೂ ತಮ್ಮ ಜೇಬಿನಿಂದ ಹಾಕಿ ವಾಪಸ್ ಕೊಟ್ಟಿದ್ದರು. ಅದರಲ್ಲಿ ನನ್ನ ಪಾಲನ್ನು ನಾನು ಖರ್ಚು ಮಾಡಿ ಸೂಟ್‌ಕೇಸ್ ತೆಗೆದುಕೊಂಡಿದ್ದೆ. ಇದನ್ನು ಅವರು ಯಾವತ್ತೂ ಹೇಳಲಿಲ್ಲ. ಸೌಂಡ್ ನೋಡಿಕೊಳ್ಳುವವನು ಹೇಳಿದ. ದುಡ್ಡು ಕೊಡಲು ಹೋದರೆ ಮೂವರೂ ತೆಗೆದುಕೊಳ್ಳಲಿಲ್ಲ. ಈಗಲೂ ಎಲ್ಲಾದರೂ ಸಿಕ್ಕರೆ ನಗುತ್ತಾರೆ, ಮಾತಾಡುತ್ತಾರೆ. ಒಟ್ಟಿಗೆ ಕೂತು ನುಡಿಸೋಣ ಅಂತ ಮಾತ್ರ ಯಾರೂ ಅನ್ನಲ್ಲ. ನಾನೂ ಅನ್ನಲ್ಲ.

ನಿನಗೆ ಏಳು ವಾರ ಇದೆ. ಅಷ್ಟು ಸಮಯದಲ್ಲಿ ನಾಲ್ಕು ಕಾರ್ಯಕ್ರಮಕ್ಕೆ ಇನ್ನೊಬ್ಬ ಹಾಡುವವರನ್ನು ಹುಡುಕಬಹುದು, ಅವರ ಶ್ರುತಿಗೆ ಹಾಡುಗಳನ್ನು ಹೊಂದಿಸಿಕೊಡಬಹುದು. ಹೊರಡುವ ಮುಂಚಿನ ಕಾರ್ಯಕ್ರಮಗಳೇನಾದರೂ ಇದ್ದರೆ ನೀನೇ ಹಾಡಿ ಹೋಗಬಹುದು. ಮುಂಗಡದಲ್ಲಿ ನಿನ್ನ ಪಾಲಿದ್ದರೆ ಅವತ್ತೇ ವಾಪಸ್ ಕೊಡು.

ಆದರೆ ಒಂದನ್ನು ಕೇಳಬೇಡ. ‘ಏಳು ತಿಂಗಳು ಕಾಯ್ತೀರಾ’ ಅಂತ ಕೇಳಬೇಡ. ಗೆಳೆಯರು ಅಂದಮೇಲೆ ಹೂಂ ಅನ್ನುತ್ತಾರೆ. ಆಮೇಲೆ ಒಳ್ಳೆ ಹಾಡುಗಾರ್ತಿ ಸಿಕ್ಕರೂ ಅವಳಿಗೆ ಪೂರ್ತಿ ಜಾಗ ಕೊಡಲಾಗದೆ ಒದ್ದಾಡುತ್ತಾರೆ. ನೀನೂ ಅಲ್ಲಿ ಎರಡನೇ ಕಾಂಟ್ರ್ಯಾಕ್ಟ್ ಕೊಟ್ಟಾಗ ಒದ್ದಾಡುತ್ತೀಯ. ಕೊಡುತ್ತಾರೆ, ನೋಡುತ್ತಿರು. ಬಂದ ಮೇಲೆ ಜಾಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತ ಈಗಲೇ ಒಪ್ಪಿಕೊಂಡು ಹೇಳು.

ಕದ್ದು ಆಡಿಷನ್ ಕಳಿಸಿದ್ದನ್ನೂ ಹೇಳು. ಅದನ್ನು ಬಿಟ್ಟು ‘ಅವರೇ ಕರೆದರು’ ಅಂತ ಕತೆ ಕಟ್ಟಬೇಡ. ಅವರಿಗೆ ನೋವಾಗುವುದು ಅದರಿಂದಲೇ, ಹೋಗುವುದರಿಂದಲ್ಲ. ಯಾರಾದರೂ ಒಬ್ಬರಿಗೆ ಮೊದಲು ಹೇಳಿ ಅವರ ಕೈಯಲ್ಲಿ ಉಳಿದವರಿಗೆ ಹೇಳಿಸುವ ಉಪಾಯವೂ ಬೇಡ. ಮೂವರೂ ಇದ್ದಾಗ, ಎದುರಿಗೆ ಕೂತು.

ಮುಂದಿನ ಪ್ರಾಕ್ಟೀಸ್ ಯಾವತ್ತೋ ಅವತ್ತೇ ಹೇಳು. ಗಿಟಾರ್ ಶ್ರುತಿ ಮಾಡುವ ಮುಂಚೆ. ಪ್ರಾಕ್ಟೀಸ್ ಮುಗಿಯಲಿ ಅಂತ ಕಾಯಬೇಡ, ಚೆನ್ನಾಗಿ ಹಾಡಿದ ಮೇಲೆ ಬಾಯಿ ಬರಲ್ಲ. ನಾಲ್ಕು ಕಾರ್ಯಕ್ರಮದ ತಾರೀಖು, ನಿನ್ನ ಬದಲು ಹಾಡಬಲ್ಲ ಇಬ್ಬರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಅವತ್ತು ಪ್ರಾಕ್ಟೀಸ್ ಬೇಡ ಅಂದರೆ ವಾದ ಮಾಡಬೇಡ. ಚೀಟಿ ಅಲ್ಲೇ ಇಟ್ಟು, ಮೈಕ್ ಸ್ಟ್ಯಾಂಡ್ ಮಡಚಿ ಮೂಲೆಗಿಟ್ಟು ಮನೆಗೆ ಬಾ.