ಬಟನ್ ಒತ್ತಿದರೆ ಇನ್ನೊಂದು ಕ್ಯೂಜಿಐಎಸ್ ಯಾಕೆ ತೆರೆಯುತ್ತೆ?

ಪ್ರಶ್ನೆ: ನಾನು ಹಿರಿಯೂರಿನವನು. ನಮ್ಮ ತಾಲ್ಲೂಕಿನ ಕೆರೆಗಳ ನಕ್ಷೆಗೆ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಒಂದು ಸಣ್ಣ ಪ್ಲಗಿನ್ (ಹೆಚ್ಚುವರಿ ಸಲಕರಣೆ) ಬರೆದಿದ್ದೇನೆ. ಬಟನ್ ಒತ್ತಿದರೆ ಹೊರಗಿರುವ ಪೈಥಾನ್ ಸ್ಕ್ರಿಪ್ಟ್ ಓಡಿ ಮಳೆ ಲೆಕ್ಕ ಹಾಕಿಕೊಡಬೇಕು. ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್‌ಗೆ, ಈಗ ಓಡುತ್ತಿರುವ ಪೈಥಾನ್ ಎಲ್ಲಿದೆ ಅಂತ ಹೇಳಬೇಕಾದ ಸಿಸ್.ಎಕ್ಸಿಕ್ಯೂಟಬಲ್ ಕೊಟ್ಟಿದ್ದೇನೆ. ಸ್ಕ್ರಿಪ್ಟ್ ಓಡೋದಿಲ್ಲ, ಇನ್ನೊಂದು ಕ್ಯೂಜಿಐಎಸ್ ತೆರೆದುಕೊಳ್ಳುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಸ್ಕ್ರಿಪ್ಟ್ ಚೆನ್ನಾಗಿ ಓಡುತ್ತೆ. ತಪ್ಪೆಲ್ಲಿ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು. ಬೇಜಾರಾಗಬೇಡಿ, ನಕ್ಕಿದ್ದು ನನ್ನ ಮೇಲೇ. ದಾವಣಗೆರೆಯಲ್ಲಿ ಮೊದಲ ಪ್ಲಗಿನ್ ಬರೆದಾಗ ನಾನು ಅದೇ ಸಾಲನ್ನು ಹನ್ನೆರಡು ಹಳ್ಳಿಗಳ ಲೂಪ್ ಒಳಗೆ ಹಾಕಿದ್ದೆ. ಬಟನ್ ಒತ್ತಿ ಮಂಡಕ್ಕಿ-ಮಿರ್ಚಿ ತಿನ್ನೋಕೆ ಎದ್ದು ಹೋದೆ. ವಾಪಸ್ ಬಂದರೆ ಟಾಸ್ಕ್‌ಬಾರ್ ತುಂಬ ಕ್ಯೂಜಿಐಎಸ್. ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗ್ತಿತ್ತು.

ಕಾರಣ ಸರಳ. ವಿಂಡೋಸ್‌ನಲ್ಲಿ ಕ್ಯೂಜಿಐಎಸ್ ಪೈಥಾನನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ‘ನನ್ನನ್ನು ಓಡಿಸುತ್ತಿರೋ ಪ್ರೋಗ್ರಾಂ ಯಾವುದು?’ ಅಂತ ಅಲ್ಲಿಂದ ಕೇಳಿದರೆ ಬರುವ ಉತ್ತರ ಕ್ಯೂಜಿಐಎಸ್-ಬಿನ್.ಇಎಕ್ಸ್‌ಇ, ಅಂದರೆ ಕ್ಯೂಜಿಐಎಸ್ಸೇ. ಅದನ್ನೇ ಮತ್ತೆ ಕರೆದರೆ ಇನ್ನೇನು ಬರಬೇಕು, ಅಲ್ವಾ? ಪೈಥಾನ್ 2.7 ಇದ್ದ ಆರ್ಕ್‌ಮ್ಯಾಪ್ ಅನ್ನೋ ಇನ್ನೊಂದು ನಕ್ಷೆ ತಂತ್ರಾಂಶದಲ್ಲೂ ಇದೇ ಕಾಯಿಲೆ ಇತ್ತು.

ಆದರೆ ಆ ತಪ್ಪು ಉತ್ತರವನ್ನು ಬಿಸಾಡಬೇಡಿ. ಕೊನೆಯ ಹೆಸರು ತೆಗೆದು ಫೋಲ್ಡರ್ ಮಾತ್ರ ಉಳಿಸಿಕೊಳ್ಳಿ. ಅದೇ ಬಿನ್ ಫೋಲ್ಡರ್‌ನಲ್ಲಿ ಪೈಥಾನ್-ಕ್ಯೂಜಿಐಎಸ್.ಬ್ಯಾಟ್ ಅಂತ ಒಂದು ಫೈಲ್ ಇರುತ್ತೆ. ಎಲ್‌ಟಿಆರ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಹಾಕಿಕೊಂಡಿದ್ದರೆ ಹೆಸರಲ್ಲಿ ಎಲ್‌ಟಿಆರ್ ಸೇರಿರುತ್ತೆ. ನಿಮ್ಮ ಸ್ಕ್ರಿಪ್ಟ್ ಓಡಿಸೋಕೆ ಅದನ್ನು ಕರೆಯಿರಿ. ಪೂರ್ತಿ ಹಾದಿಯನ್ನು ಕೈಯಾರೆ ಬರೆಯೋಕೆ ಮಾತ್ರ ಹೋಗಬೇಡಿ. ಫೋಲ್ಡರ್ ಹೆಸರಲ್ಲೇ ಸಾಮಾನ್ಯವಾಗಿ ಆವೃತ್ತಿ ಸಂಖ್ಯೆ ಇರುತ್ತೆ, ಹೊಸದು ಹಾಕಿದ ದಿನ ಬಟನ್ ಸತ್ತುಹೋಗುತ್ತೆ.

ಬೇರೆಯಾಗಿ ಹಾಕಿಕೊಂಡ ಪೈಥಾನನ್ನೇ ಓಡಿಸಬೇಕು ಅಂತಿದ್ದರೆ ಇನ್ನೊಂದು ತೊಡಕಿದೆ. ಪೈಥಾನ್ ತನ್ನ ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಪೈಥಾನ್‌ಹೋಮ್, ಪೈಥಾನ್‌ಪಾತ್ ಎರಡನ್ನೂ ಕ್ಯೂಜಿಐಎಸ್ ಮಗುವಿಗೆ ಬುತ್ತಿ ಕಟ್ಟಿದ ಹಾಗೆ ಕಟ್ಟಿ ಕಳಿಸುತ್ತೆ. ಆ ಪೈಥಾನ್ ತನ್ನದಲ್ಲದ ಲೈಬ್ರರಿ ತೆರೆದು ‘ಎಸ್‌ಆರ್‌ಇ ಮಾಡ್ಯೂಲ್ ಮಿಸ್‌ಮ್ಯಾಚ್’ ಅಂತ ಬಿದ್ದುಕೊಳ್ಳುತ್ತೆ. ಇಂಥ ಸೆಟ್ಟಿಂಗ್‌ಗಳ ಪಟ್ಟಿಯಾದ ಎನ್ವಿರಾನ್‌ಮೆಂಟ್‌ನ ಒಂದು ನಕಲು ಮಾಡಿ, ಅವೆರಡನ್ನೂ ತೆಗೆದು, ಆ ನಕಲನ್ನು ಕೊಡಿ.

ಇಷ್ಟಾದ ಮೇಲೆ ‘ನಕ್ಷೆ ಹ್ಯಾಂಗ್ ಆಗ್ತಿದೆ’ ಅಂತ ನೀವೇ ಮತ್ತೆ ಬರೀತೀರಿ, ಅದನ್ನೂ ಈಗಲೇ ಹೇಳಿಬಿಡ್ತೀನಿ. ಸಬ್‌ಪ್ರೊಸೆಸ್.ರನ್ ಸ್ಕ್ರಿಪ್ಟ್ ಮುಗಿಯೋವರೆಗೂ ಕೂತು ಕಾಯುತ್ತೆ, ಕ್ಯೂಜಿಐಎಸ್ಸನ್ನೂ ಕಾಯಿಸುತ್ತೆ. ಅದರ ಬದಲು ಕ್ಯೂಟಿಯ (ಕ್ಯೂಜಿಐಎಸ್‌ನ ಕಿಟಕಿ-ಬಟನ್‌ಗಳನ್ನು ಕಟ್ಟಿರೋ ಲೈಬ್ರರಿ) ಕ್ಯೂಪ್ರೊಸೆಸ್ ಬಳಸಿ, ಅದು ಕಾಯದೆ ಹಿನ್ನೆಲೆಯಲ್ಲಿ ಓಡಿಸುತ್ತೆ. ಅದನ್ನು ಸೆಲ್ಫ್‌ಗೆ, ಅಂದರೆ ಪ್ಲಗಿನ್ ಆಬ್ಜೆಕ್ಟ್‌ಗೇ, ಕಟ್ಟಿಡಿ. ಫಂಕ್ಷನ್ ಒಳಗೆ ಸುಮ್ನೆ ಬಿಟ್ಟರೆ ಫಂಕ್ಷನ್ ಮುಗಿಯುತ್ತಿದ್ದಂತೆ ಅದೂ ಅಳಿಸಿಹೋಗುತ್ತೆ, ಅರ್ಧ ಓಡಿದ ಸ್ಕ್ರಿಪ್ಟನ್ನೂ ಸಾಯಿಸುತ್ತೆ. ನಾನು ಇದಕ್ಕೇ ಒಂದು ಭಾನುವಾರ ಕಳೆದುಕೊಂಡಿದ್ದೀನಿ.

ಹೊರಗಿನ ಸ್ಕ್ರಿಪ್ಟ್‌ಗೆ ನಿಮ್ಮ ತೆರೆದ ನಕ್ಷೆ ಕಾಣೋದಿಲ್ಲ, ಪ್ಲಗಿನ್‌ಗೆ ಕ್ಯೂಜಿಐಎಸ್ ಕಿಟಕಿಯನ್ನು ಮುಟ್ಟಲು ಕೊಡುವ ಐಫೇಸ್ ಅಲ್ಲಿ ಸಿಗೋದಿಲ್ಲ. ಸ್ಕ್ರಿಪ್ಟ್ ಜಿಯೋಪ್ಯಾಕೇಜ್ (ನಕ್ಷೆಯ ಮಾಹಿತಿ ಇಡುವ ಫೈಲ್) ಬರೆದಿಡಲಿ, ಕ್ಯೂಪ್ರೊಸೆಸ್‌ನಿಂದ ‘ಮುಗಿಯಿತು’ ಅನ್ನೋ ಫಿನಿಶ್ಡ್ ಸಿಗ್ನಲ್ ಬಂದಾಗ ಪ್ಲಗಿನ್ ಅದನ್ನು ಲೇಯರ್ ಆಗಿ ಹಾಕಲಿ. ಪ್ರತಿ ಸಲ ಹೊಸ ಹೆಸರಿನ ಫೈಲ್ ಇರಲಿ. ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಸ್ಕ್ರಿಪ್ಟ್ ತಪ್ಪಿಲ್ಲದೆ ಮುಗಿಯಿತು ಅಂತ, ಬಂದರಷ್ಟೇ ಹಾಕಿ.

ನಾನು ಇದನ್ನು ನೋಡದೇ ಒಮ್ಮೆ ಸೂಳೆಕೆರೆ ಸುತ್ತಿನ ಮಳೆ ನಕ್ಷೆ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಸ್ಕ್ರಿಪ್ಟ್ ಮಧ್ಯದಲ್ಲೇ ಕೆಟ್ಟು ನಿಂತಿತ್ತು, ಪ್ಲಗಿನ್ ಹಳೇ ಫೈಲನ್ನೇ ತೋರಿಸಿತ್ತು. ಎಂಜಿನಿಯರ್ ಕನ್ನಡಕ ಮೇಲೇರಿಸಿ ಒಂದೇ ಮಾತು ಕೇಳಿದರು: “ಎರಡು ಹೊಸ ಮಳೆಮಾಪಕ ಸೇರಿಸಿದೆ ಅಂದ್ರಲ್ಲ, ಎಲ್ಲಿ?”